ಎಲೆಮಲ್ಲಪ್ಪಶೆಟ್ಟಿ ಕೆರೆಯಿಂದ ಮಾರಾ ಬಯಲಿಗೆ

ಜುಲೈ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರ ಮಾತೆಲ್ಲ ಕೀನ್ಯಾದ ಕಡೆಗೇ ತಿರುಗುತ್ತದೆ. ತಾಂಜಾನಿಯಾದ ಸೆರೆಂಗೆಟಿಯಿಂದ 12 ಲಕ್ಷಕ್ಕೂ ಮಿಕ್ಕಿದ ವಿಲ್ಡೆಬೀಸ್ಟ್‌ಗಳು, ಜೊತೆಗೆ ಸುಮಾರು 2 ಲಕ್ಷ ಜೀಬ್ರಾಗಳು ಹಸಿರು ಹುಲ್ಲು ಹುಡುಕಿಕೊಂಡು ಮಸಾಯಿ ಮಾರಾಕ್ಕೆ ಬರುವ ಕಾಲ ಅದು. ಹಿಂಡು ಮಾರಾ ನದಿಗೆ ಧುಮುಕುವ, ಮೊಸಳೆ ಬಾಯಿ ತೆರೆಯುವ ಆ ಒಂದು ಗಳಿಗೆಗಾಗಿ ಊರಿನ ಎಲ್ಲ ಮೂಲೆಗಳಿಂದ ತಂಡ ತಂಡವಾಗಿ ಜನ ಹೊರಡುತ್ತಾರೆ. ದೊಡ್ಡ ಲೆನ್ಸ್ ಇಲ್ಲದವರು ಬಾಡಿಗೆಗೆ ತರುತ್ತಾರೆ. ಹೋಗುವ ಮೊದಲೇ ಮನಸ್ಸಿನಲ್ಲಿ ಪಟ್ಟಿ ಸಿದ್ಧವಾಗಿರುತ್ತದೆ: ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ, ಸಾಧ್ಯವಾದರೆ ಓಡುವ ಚೀತಾ.

ಕೆ.ಆರ್. ಪುರದ ದೂರವಾಣಿನಗರದ ಹಿರಿಯರೊಬ್ಬರು ಮತ್ತು ಇಂದಿರಾನಗರದಲ್ಲಿರುವ ಅವರ ತಮ್ಮನ ಮಗಳು ಹೊರಟದ್ದು ಮಾತ್ರ ಫೆಬ್ರವರಿಯಲ್ಲಿ. ಆಗ ಮಾರಾದಲ್ಲಿ ಆ ಮಹಾವಲಸೆ ಇರುವುದಿಲ್ಲ. ಹಿಂಡುಗಳೆಲ್ಲ ಸೆರೆಂಗೆಟಿಯ ದಕ್ಷಿಣದ ಹುಲ್ಲುಗಾವಲಿನಲ್ಲಿ ಕರು ಹಾಕುತ್ತಿರುತ್ತವೆ. ಆದರೆ ಹಕ್ಕಿ ನೋಡುವವರಿಗೆ ನವೆಂಬರಿನಿಂದ ಏಪ್ರಿಲ್‌ವರೆಗಿನ ಕಾಲವೇ ಒಳ್ಳೆಯದು. ಕೀನ್ಯಾದಲ್ಲಿ ದಾಖಲಾಗಿರುವ 1,100ಕ್ಕೂ ಹೆಚ್ಚು ಹಕ್ಕಿಜಾತಿಗಳಲ್ಲಿ ಯುರೋಪು, ಸೈಬೀರಿಯಾಗಳಿಂದ ಚಳಿಗಾಲ ಕಳೆಯಲು ಬರುವವೂ ಸೇರಿವೆ. ಅವು ಸಿಗುವುದು ಈ ತಿಂಗಳುಗಳಲ್ಲೇ. ಖರ್ಚಿನ ಲೆಕ್ಕವೂ ಇತ್ತು. 2024ರಿಂದ ಮಾರಾ ಮೀಸಲು ಪ್ರದೇಶಕ್ಕೆ ವಿದೇಶಿಯರ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಕಟ್ಟಿದ ಹಣ 12 ಗಂಟೆಗಷ್ಟೇ ಸಲ್ಲುತ್ತದೆ. ಪಿಂಚಣಿಯಲ್ಲಿ ಬದುಕುವವರಿಗೆ ಅರ್ಧಕ್ಕರ್ಧ ವ್ಯತ್ಯಾಸ ಸಣ್ಣದಲ್ಲ.

ಹಿರಿಯರು ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1948ರಲ್ಲಿ ಶುರುವಾದ ಆ ಕಾರ್ಖಾನೆಯ ಸುತ್ತಲಿನ ಮರಗಳಲ್ಲಿ ಮರಕುಟಿಗ, ಮಂಗಟ್ಟೆಗಳನ್ನು ಗುರುತಿಸಲು ಕಲಿತರು. ಆಮೇಲೆ ಭಾನುವಾರಗಳನ್ನೆಲ್ಲ ಹಳೆ ಮದ್ರಾಸು ರಸ್ತೆಯ ಎಲೆಮಲ್ಲಪ್ಪಶೆಟ್ಟಿ ಕೆರೆಯ ಏರಿಯ ಮೇಲೆ ಕಳೆದರು. ವೀಳ್ಯದೆಲೆ ವ್ಯಾಪಾರದಲ್ಲಿ ಗಳಿಸಿದ ಶೆಟ್ಟರು ಕಟ್ಟಿಸಿದ ಕೆರೆ ಅದು. ಇವತ್ತು ಹೆದ್ದಾರಿಯ ದೂಳು, ಕೊಳಚೆ ನೀರು, ಅಂತರಗಂಗೆ ಕಳೆ ಎಲ್ಲ ಸೇರಿ ಅದನ್ನು ಹಿಂಡುತ್ತಿವೆ. ಆದರೂ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಮೆಟ್ಟುಗಾಲು ಹಕ್ಕಿ, ಗುಳುಮುಳುಕಗಳು ಅಲ್ಲಿಗೆ ಬರುವುದನ್ನು ಬಿಟ್ಟಿಲ್ಲ. ಎಮ್ಮೆಯ ಕಾಲ ಬಳಿ ಎದ್ದ ಮಿಡತೆಯನ್ನು ಬೆಳ್ಳಕ್ಕಿ ಯಾವ ಕ್ಷಣಕ್ಕೆ ಕುಕ್ಕುತ್ತದೆ ಎಂದು ಮೊದಲೇ ಹೇಳಬಲ್ಲ ಕಣ್ಣು ಹಿರಿಯರಿಗೆ ಬಂದದ್ದು ಇಲ್ಲಿ.

ತಮ್ಮನ ಮಗಳದ್ದು ಬೇರೆ ಶಾಲೆ. ಹಾರುವ ಹಕ್ಕಿಯನ್ನು ಚಿತ್ರದಲ್ಲಿ ಹಿಡಿಯುವುದನ್ನು ಅವಳು ಕಲಿತದ್ದು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಸುತ್ತ. ಮಾಂಸದಂಗಡಿಗಳ ಬಳಿ ಬಿಸಾಡಿದ ತುಣುಕುಗಳಿಗಾಗಿ ಹದ್ದುಗಳು ದಿನವಿಡೀ ಸುತ್ತು ಹೊಡೆಯುತ್ತವೆ, ತಂತಿಗಳ ನಡುವೆಯೇ ರೆಕ್ಕೆ ಮಡಚಿ ಎರಗುತ್ತವೆ. ಸೆಕೆಂಡಿನ 1/2000 ಭಾಗದ ಶಟರ್ ವೇಗ ಇಟ್ಟುಕೊಂಡರೂ ಅವುಗಳ ತಿರುವನ್ನು ಮುಂಚಿತವಾಗಿ ಊಹಿಸದಿದ್ದರೆ ಫ್ರೇಮಿನಲ್ಲಿ ಬಾಲ ಮಾತ್ರ ಉಳಿಯುತ್ತದೆ. ಗಾಳಿಗೆದುರಾಗಿ ಹದ್ದು ಬಾಲ ತಿರುಚುವುದನ್ನು ನೋಡಿಕೊಂಡು ಕ್ಯಾಮೆರಾ ತಿರುಗಿಸಲು ಕಲಿತವರಿಗೆ ಆಫ್ರಿಕಾದ ಯಾವ ಹದ್ದೂ ಹೊಸದಲ್ಲ. ಮಾರಾದಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆರೆದ ಕೂಡಲೇ ತಲೆಯ ಮೇಲೆ ಬರುವ ಹಳದಿ ಕೊಕ್ಕಿನ ಹದ್ದು ನಮ್ಮ ಹದ್ದಿನ ತೀರ ಹತ್ತಿರದ ಬಂಧು. ಕೈಯಲ್ಲಿದ್ದ ಬ್ರೆಡ್ಡನ್ನು ಕಿತ್ತುಕೊಂಡು ಹೋಗುವುದರಲ್ಲೂ ಅದು ಶಿವಾಜಿನಗರದ ಹದ್ದನ್ನೇ ಹೋಲುತ್ತದೆ.

ವನ್ಯಜೀವಿ ಛಾಯಾಗ್ರಹಣದಲ್ಲಿ ಈ ಊರಿಗೆ ಹಳೆಯ ಪರಂಪರೆಯೊಂದಿದೆ. ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್ ಅವರಂಥವರು ಫಿಲ್ಮ್ ಕಾಲದಲ್ಲಿ ಬೆಂಗಳೂರಿನಿಂದಲೇ ಕೆಲಸ ಮಾಡಿ ಹೊರದೇಶಗಳ ಗೌರವ ಪಡೆದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜಕಾರಣದ ನಡುವೆಯೂ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕೂತರು. ಒಂದು ರೋಲಿನಲ್ಲಿ 36 ಚಿತ್ರ, ತೊಳೆಸಿ ನೋಡುವವರೆಗೆ ಏನು ಬಂದಿದೆ ಎಂದು ಗೊತ್ತಾಗದ ಕಾಲ. ಪ್ರಾಣಿ ಏನು ಮಾಡಲಿದೆ ಎಂದು ತಿಳಿಯದೆ ಗುಂಡಿ ಒತ್ತುವ ಸವಲತ್ತು ಅವರಿಗಿರಲಿಲ್ಲ. ಇವತ್ತಿನ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆದುಕೊಡುತ್ತದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಆದರೆ ಎಲ್ಲಿ ಕಾಯಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಕಲಿಯಲು ಮನೆ ಹತ್ತಿರದ ಕೆರೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆಫ್ರಿಕಾಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಹೋಗುವವರು ಹೊರಡುವ ಮೊದಲು ಹಲಸೂರು ಕೆರೆಯ ದಂಡೆಯಲ್ಲಿ ಕೆಲವು ಬೆಳಗುಗಳನ್ನಾದರೂ ಕಳೆಯಬೇಕು.

ಹೊರಡುವ ಮುನ್ನ ಹಳದಿ ಜ್ವರದ ಲಸಿಕೆ ಆಗಲೇಬೇಕು. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಆ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಕೀನ್ಯಾದಿಂದ ವಾಪಸಾದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹಿರಿಯರು ಖಾಲಿ ಬಟ್ಟೆ ಚೀಲವೊಂದನ್ನೂ ಹೊಲಿಸಿಕೊಂಡಿದ್ದರು. ಗಾಡಿಯ ಅಂಚಿನಲ್ಲಿಟ್ಟು ಮೇಲೆ ಲೆನ್ಸ್ ಊರುವ ಬೀನ್ ಬ್ಯಾಗ್ ಅದು. ಹೋದ ಊರಿನಲ್ಲಿ ಅಕ್ಕಿಯನ್ನೋ ಅವರೆಯಂಥ ಕಾಳನ್ನೋ ತುಂಬಿಕೊಂಡರೆ ಮುಗಿಯಿತು, ವಿಮಾನದಲ್ಲಿ ತೂಕ ಉಳಿಯುತ್ತದೆ. ಪ್ಲಾಸ್ಟಿಕ್ ಕೈಚೀಲಗಳನ್ನು ಮನೆಯಲ್ಲೇ ಬಿಟ್ಟರು. 2017ರಿಂದ ಕೀನ್ಯಾದಲ್ಲಿ ಅವಕ್ಕೆ ಕಟ್ಟುನಿಟ್ಟಿನ ನಿಷೇಧವಿದೆ.

ಮೊದಲ ನಿಲುಗಡೆ ನೈವಾಶಾ ಸರೋವರ. ರಿಫ್ಟ್ ಕಣಿವೆಯ ಸರೋವರಗಳಲ್ಲಿ ಸುಮಾರು 2010ರಿಂದ ನೀರು ಏರುತ್ತಲೇ ಇದೆ. ದಂಡೆಯ ಜಾಲಿ ಮರಗಳು ಮುಳುಗಿ ಒಣಗಿ, ಬರಿಯ ಕೊಂಬೆಗಳಾಗಿ ನೀರಿನ ನಡುವೆ ನಿಂತಿವೆ. ಆ ಕೊಂಬೆಗಳ ತುಂಬ ನೀರುಕಾಗೆಗಳು, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಕೂತಿದ್ದವು. ಎದೆ ಬೆಳ್ಳಗಿರುವುದೊಂದು ಬಿಟ್ಟರೆ ಹಲಸೂರು ಕೆರೆಯ ನಡುಗಡ್ಡೆಯ ನೋಟವೇ.

ದೋಣಿಯವನು ಮೀನಿನ ಹೊಟ್ಟೆಗೆ ಒಣ ಜೊಂಡು ತುಂಬಿ ಸಿದ್ಧಮಾಡಿಕೊಂಡಿದ್ದ. ಶಿಳ್ಳೆ ಹಾಕಿ ಆ ಮೀನನ್ನು ನೀರಿಗೆಸೆದರೆ ಅದು ತೇಲುತ್ತದೆ, ಮರದ ಮೇಲಿನ ಮೀನುಗಿಡುಗ ಉಗುರು ಚಾಚಿ ಇಳಿಯುತ್ತದೆ, ಪ್ರವಾಸಿಗೆ ಬೇಕಾದ ಚಿತ್ರ ಸಿಗುತ್ತದೆ. ನೈವಾಶಾದಲ್ಲಿ ಇದು ನಿತ್ಯದ ವ್ಯಾಪಾರ. ಹಿರಿಯರು ಬೇಡವೆಂದರು. ಹಣ ಕೊಡುವುದಿಲ್ಲವೇನೋ ಎಂದುಕೊಂಡ ದೋಣಿಯವನ ಮುಖ ಬಾಡಿತು. ಮೀನಿನ ಹಣವನ್ನೂ ಕೊಟ್ಟು, ಎಸೆಯುವುದು ಬೇಡ ಎಂದಷ್ಟೇ ಹೇಳಿದ ಮೇಲೆ ಅವನು ಎಂಜಿನ್ ನಿಲ್ಲಿಸಿ ದೋಣಿಯನ್ನು ಜೊಂಡಿನ ಪಕ್ಕಕ್ಕೆ ತೇಲಿಬಿಟ್ಟ. ಆಮಿಷ ಒಡ್ಡಿ ತೆಗೆದ ಚಿತ್ರದಲ್ಲಿ ಹಕ್ಕಿಯ ಸ್ವಂತ ಬೇಟೆ ಇರುವುದಿಲ್ಲ. ಹುಳ ಹಾಕಿ, ಕೂಗು ಕೇಳಿಸಿ ಹಕ್ಕಿ ಕರೆಸುವ ಚಟ ನಮ್ಮ ಕಡೆಯೂ ಹೆಚ್ಚುತ್ತಿದೆ. ಮರಿ ಸಾಕುವ ಕಾಲದಲ್ಲಿ ಅದು ಹಕ್ಕಿಗೆ ಕೊಡುವ ಹಿಂಸೆಯನ್ನು ಕಂಡವರು ಸುಮ್ಮನಿರಬಾರದು.

ಜೊಂಡಿನ ಪಕ್ಕದಲ್ಲಿ ಸಿಕ್ಕಿದ್ದು ಕಪ್ಪು ಬಿಳಿ ಮಿಂಚುಳ್ಳಿ. ಇದು ನಮ್ಮ ಕೆರೆಗಳಲ್ಲಿರುವ ಅದೇ ಜಾತಿ. ನೀರಿನಿಂದ ಎರಡಾಳೆತ್ತರದಲ್ಲಿ ಅದು ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತಿತು. ಮೈ ನೆಟ್ಟಗೆ, ಕೊಕ್ಕು ಕೆಳಗೆ, ರೆಕ್ಕೆಗಳು ಮಸುಕಾಗಿ ಕಾಣುವಷ್ಟು ವೇಗ. ತಲೆ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಎದೆಯ ಮೇಲೆ ಎರಡು ಕಪ್ಪು ಪಟ್ಟಿ, ಹಾಗಾಗಿ ಗಂಡು. ಹೆಣ್ಣಿಗೆ ಒಂದೇ ಪಟ್ಟಿ, ಅದೂ ಹೆಚ್ಚಾಗಿ ನಡುವೆ ತುಂಡಾಗಿರುತ್ತದೆ. ಒಮ್ಮೆ ಅರ್ಧ ಇಳಿದು ಮತ್ತೆ ನಿಂತಿತು. ಈಗ ಬೀಳುತ್ತದೆ ಎಂದು ದೊಡ್ಡಪ್ಪ ಪಿಸುಗುಟ್ಟಿದರು. ಅರ್ಧ ಇಳಿದು ನಿಂತ ಮೇಲೆ ಅದು ಗುರಿಯನ್ನು ಬದಲಿಸುವುದು ಕಡಿಮೆ ಎಂದು ಎಲೆಮಲ್ಲಪ್ಪಶೆಟ್ಟಿ ಕೆರೆಯಲ್ಲಿ ಅವರು ನೋಡಿ ನೋಡಿ ತಿಳಿದಿದ್ದರು. ಮಗಳ ಬೆರಳು ಆಗಲೇ ಗುಂಡಿಯ ಮೇಲಿತ್ತು.

ಮಾರಾದ ಬಯಲು ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ, ಸಮಭಾಜಕದ ತೀರ ಹತ್ತಿರ. ವರ್ಷವಿಡೀ ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮ. ಸೂರ್ಯ ನೇರವಾಗಿ ಮೇಲಕ್ಕೇರುವುದರಿಂದ ಮುಂಜಾವಿನ ಹೊಂಬೆಳಕು ಬೇಗ ಮುಗಿದುಹೋಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ನೆಲದ ಕಾವಿಗೆ ಗಾಳಿ ನಡುಗಿ ದೂರದ ಚಿತ್ರ ಎಲ್ಲ ಕಲಸಿದಂತಾಗುತ್ತದೆ. ನಾಗರಹೊಳೆ, ಬಂಡೀಪುರಗಳಲ್ಲಿ ಲಂಟಾನ ಪೊದೆಯ ಸಂದಿಯಲ್ಲಿ ಹುಲಿಯ ಕಿವಿ ಹುಡುಕಿ ಅಭ್ಯಾಸವಾದವರಿಗೆ ಇಲ್ಲಿನ ತೆರವು ಬೆರಗು ಹುಟ್ಟಿಸುತ್ತದೆ. ಎಲ್ಲವೂ ಕಾಣುತ್ತದೆ. ಹೀಗಾಗಿಯೇ ದೊಡ್ಡ ಪ್ರಾಣಿಯ ಪಕ್ಕದ ಸಣ್ಣದನ್ನು ಯಾರೂ ನೋಡುವುದಿಲ್ಲ.

ರೇಡಿಯೋದಲ್ಲಿ ‘ಸಿಂಬಾ’ ಎಂಬ ಸ್ವಾಹಿಲಿ ಮಾತು ಕೇಳಿಸಿದ್ದೇ ತಡ, ಸುತ್ತಲಿನ ಗಾಡಿಗಳು ದೂಳೆಬ್ಬಿಸಿ ಒಂದೇ ದಿಕ್ಕಿಗೆ ಹೊರಟವು.

“ದೊಡ್ಡಪ್ಪ, ಸಿಂಹವಂತೆ. ಎಲ್ಲರೂ ಹೋಗ್ತಿದಾರೆ.”

“ಹೋಗೋಣ ಕಣಮ್ಮ. ಮೊದಲು ಆ ಹುತ್ತದ ಮೇಲೆ ಏನಿದೆ ನೋಡು.”

ಹುತ್ತದ ತುದಿಯಲ್ಲಿ ನೇರಳೆ ಎದೆಯ ನೀಲಕಂಠ ಕೂತಿತ್ತು. ಕರ್ನಾಟಕದ ರಾಜ್ಯಪಕ್ಷಿಯಾದ ನಮ್ಮ ನೀಲಕಂಠ ಹೊಸಕೋಟೆಯ ಕಡೆ ಹೊಲದ ತಂತಿಯ ಮೇಲೆ ಕೂತಾಗ ಮಂಕು ಕಂದಾಗಿ ಕಾಣುತ್ತದೆ, ಹಾರಿದಾಗ ಮಾತ್ರ ರೆಕ್ಕೆಯ ನೀಲಿ ಮಿಂಚುತ್ತದೆ. ಮಾರಾದ್ದು ಕೂತಾಗಲೂ ಬಣ್ಣದ ಹಬ್ಬ: ನೇರಳೆ ಎದೆ, ತಿಳಿಹಸಿರು ನೆತ್ತಿ, ಆಕಾಶನೀಲಿ ಹೊಟ್ಟೆ, ಬಾಲದಲ್ಲಿ ಎರಡು ಉದ್ದನೆಯ ಎಳೆ. ಸ್ವಭಾವ ಮಾತ್ರ ಎರಡರದ್ದೂ ಒಂದೇ. ಎತ್ತರದಲ್ಲಿ ಕೂತು ನೆಲ ನೋಡುವುದು, ಜಿಗಿದು ಹುಳ ಹಿಡಿಯುವುದು, ಮತ್ತೆ ಅದೇ ಜಾಗಕ್ಕೆ ಬರುವುದು. ಹಕ್ಕಿ ಗಾಳಿಗೆದುರಾಗಿಯೇ ಏಳುತ್ತದೆ. ಗಾಳಿ ಎಡದಿಂದ ಬೀಸುತ್ತಿದ್ದರೆ ಫ್ರೇಮಿನ ಎಡಬದಿಯಲ್ಲಿ ಜಾಗ ಬಿಡಬೇಕು. ಇದನ್ನು ತಿಳಿದ ಮಗಳಿಗೆ ರೆಕ್ಕೆ ಪೂರ್ತಿ ಬಿಚ್ಚಿದ ನೀಲಕಂಠ ಸಿಕ್ಕಿತು. ಸಿಂಹಗಳೂ ಸಿಕ್ಕವು. ಹೊಟ್ಟೆ ತುಂಬ ತಿಂದು ಮಲಗಿದ್ದ ಅವು ಇನ್ನೆಲ್ಲಿಗೆ ಹೋಗುತ್ತವೆ?

ಕೆರೆಯ ಕಣ್ಣು ಹೆಜ್ಜೆಹೆಜ್ಜೆಗೂ ಕೆಲಸ ಮಾಡಿತು. ಕಾಡೆಮ್ಮೆಯ ಬೆನ್ನ ಮೇಲೆ ಓಡಾಡುವ ಕೆಂಪು ಕೊಕ್ಕಿನ ಹಕ್ಕಿಯನ್ನು ಉಳಿದವರು ಕಾಡೆಮ್ಮೆಯ ಚಿತ್ರದಲ್ಲಿನ ಚುಕ್ಕೆಯೆಂದು ಬಿಟ್ಟರೆ ಇವರು ಅದಕ್ಕಾಗಿಯೇ ನಿಂತರು. ಆಕ್ಸ್‌ಪೆಕರ್ ಎಂಬ ಈ ಹಕ್ಕಿಗಳು ಉಣ್ಣೆ ತಿನ್ನುತ್ತವೆ, ಗಾಯವಿದ್ದರೆ ರಕ್ತವನ್ನೂ ಹೀರುತ್ತವೆ. ಸ್ವಾಹಿಲಿಯಲ್ಲಿ ಇವನ್ನು ಘೇಂಡಾಮೃಗದ ಕಾವಲುಗಾರ ಎಂದು ಕರೆಯುತ್ತಾರೆ. ಹಕ್ಕಿ ಬೆನ್ನ ಮೇಲಿದ್ದಾಗ ಕಪ್ಪು ಘೇಂಡಾಮೃಗಗಳಿಗೆ ಮನುಷ್ಯ ಬರುವುದು ಬೇಗ ತಿಳಿಯುತ್ತದೆಂದು ದಕ್ಷಿಣ ಆಫ್ರಿಕಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಬೇಟೆಗಾರರು ಕಡಿಮೆ ಮಾಡಿರುವ ಆ ಪ್ರಾಣಿಗೆ ಇಂಥ ಕಾವಲು ಸಣ್ಣ ನೆರವಲ್ಲ.

ತೊರೆಯ ಬದಿಯ ಕೆಸರಿನಲ್ಲಿ ಬಾಲ ಕುಣಿಸುತ್ತ ನಡೆಯುತ್ತಿದ್ದ ಚುಕ್ಕೆ ಬೆನ್ನಿನ ಗದ್ದೆಗೊರವವನ್ನು ಕಂಡು ಹಿರಿಯರು ಬಹಳ ಹೊತ್ತು ಕದಲಲಿಲ್ಲ. ಚಳಿಗಾಲದಲ್ಲಿ ಎಲೆಮಲ್ಲಪ್ಪಶೆಟ್ಟಿ ಕೆರೆಯ ಕೆಸರಿಗೂ ಇದೇ ಜಾತಿ ಬರುತ್ತದೆ. ಉತ್ತರದ ತಂಪು ಜೌಗುಗಳಲ್ಲಿ ಮರಿ ಮಾಡಿ, ಕೆಲವು ಆಫ್ರಿಕಾಕ್ಕೆ, ಕೆಲವು ನಮ್ಮಲ್ಲಿಗೆ ಇಳಿಯುತ್ತವೆ. ಎರಡು ಖಂಡಗಳನ್ನು ಹೊಲಿಯುವ ಹಕ್ಕಿಗಳೂ ಇವೆ. ನಾಗಾಲ್ಯಾಂಡಿನಲ್ಲಿ ಉಪಗ್ರಹ ಸಾಧನ ಕಟ್ಟಿಬಿಟ್ಟ ಅಮುರ್ ಚಾಣಗಳು ದಖ್ಖನ್ನಿನ ಮೇಲೆ ಹಾದು, ಅರಬ್ಬೀ ಸಮುದ್ರವನ್ನು ಎಲ್ಲೂ ನಿಲ್ಲದೆ ದಾಟಿ ಸೊಮಾಲಿಯಾ ಸೇರುತ್ತವೆ. 2019ರಲ್ಲಿ ಮಂಗೋಲಿಯಾದಲ್ಲಿ ಸಾಧನ ಕಟ್ಟಿದ್ದ ಓನೋನ್ ಎಂಬ ಕೋಗಿಲೆ ಜಾಂಬಿಯಾದಲ್ಲಿ ಚಳಿಗಾಲ ಕಳೆದು, 2020ರ ವಸಂತದಲ್ಲಿ ಕೀನ್ಯಾ, ಅರಬ್ಬೀ ಸಮುದ್ರ, ಭಾರತಗಳ ದಾರಿಯಾಗಿ ಸುಮಾರು 12,000 ಕಿಲೋಮೀಟರ್ ಹಾರಿ ತವರು ಮುಟ್ಟಿತು. ಊರಿನ ಕೆರೆಯೊಂದು ಹಾಳಾಯಿತೆಂದರೆ ಇಂಥ ದಾರಿಯ ಒಂದು ತಂಗುದಾಣ ಹೋಯಿತೆಂದೇ ಅರ್ಥ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಕೆಸರಂಚನ್ನೆಲ್ಲ ಕಲ್ಲು ಕಟ್ಟಿ ನಡಿಗೆಪಥ ಮಾಡುವವರು ಈ ಗೊರವಗಳು ಎಲ್ಲಿ ಕಾಲೂರಬೇಕೆಂದು ಒಮ್ಮೆ ಯೋಚಿಸಬೇಕು.

ಸತ್ತ ಜೀಬ್ರಾವೊಂದರ ಸುತ್ತ ಕಂಡ ರಣಹದ್ದುಗಳ ಬಗ್ಗೆ ಸ್ವಲ್ಪ ನಿಂತೇ ಹೇಳಬೇಕು. ಬಂದ ಕ್ರಮದಲ್ಲೇ ಒಂದು ವ್ಯವಸ್ಥೆಯಿತ್ತು. ಬಿಳಿಬೆನ್ನಿನವು ಮತ್ತು ರೂಪೆಲ್ ರಣಹದ್ದುಗಳು ಕಿರುಚಾಡುತ್ತ ಉದ್ದನೆಯ ಕುತ್ತಿಗೆಯನ್ನು ಒಳಕ್ಕೆ ತೂರಿಸಿದವು. ದಪ್ಪ ಕೊಕ್ಕಿನ ದೊಡ್ಡ ಜಾತಿಯೊಂದು ನಡುವೆ ನುಗ್ಗಿ, ಬೇರೆಯವಕ್ಕೆ ಹರಿಯಲಾಗದ ಗಟ್ಟಿ ಚರ್ಮವನ್ನು ಸೀಳಿತು. ಸಣ್ಣವು ಅಂಚಿನಲ್ಲಿ ಚೂರು ಹೆಕ್ಕಿದವು. ಮರಬು ಕೊಕ್ಕರೆಗಳು ಮುದುಕರಂತೆ ಹಿಂದೆ ನಿಂತು ತಮ್ಮ ಸರದಿ ಕಾದವು. ರೂಪೆಲ್ ರಣಹದ್ದಿನ ಹಾರಾಟದ ಎತ್ತರ ಗೊತ್ತಾದದ್ದು 1973ರಲ್ಲಿ. ಐವರಿ ಕೋಸ್ಟಿನ ಅಬಿಜಾನ್ ಮೇಲೆ ಸುಮಾರು 11,300 ಮೀಟರ್ ಎತ್ತರದಲ್ಲಿ ಅದೊಂದು ವಿಮಾನಕ್ಕೆ ಬಡಿಯಿತು.

ಛಾಯಾಗ್ರಹಣ ಸೊಸೈಟಿಗಳ ಸ್ಪರ್ಧೆಗೆ ಕಳಿಸುವವರು ಸಾಮಾನ್ಯವಾಗಿ ರಣಹದ್ದುಗಳ ಚಿತ್ರಗಳನ್ನು ಆರಿಸುವುದಿಲ್ಲ. ಮಗಳು ಮಾತ್ರ ಅಲ್ಲೇ ಅತಿ ಹೆಚ್ಚು ಚಿತ್ರ ತೆಗೆದಳು. ಅವಳು ಹುಟ್ಟುವ ಹೊತ್ತಿಗಾಗಲೇ ಭಾರತದಲ್ಲಿ ರಣಹದ್ದುಗಳು ಮುಗಿಯುತ್ತ ಬಂದಿದ್ದವು. ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫಿನಾಕ್ ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಕೆಲವೇ ವರ್ಷಗಳಲ್ಲಿ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99ಕ್ಕಿಂತ ಹೆಚ್ಚು ಅಳಿದವು. ಪಶುವೈದ್ಯಕೀಯದಲ್ಲಿ ಆ ಔಷಧಿಗೆ 2006ರಲ್ಲಿ, ಅಷ್ಟೇ ಅಪಾಯಕಾರಿಯಾದ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್‌ಗಳಿಗೆ 2023ರಲ್ಲಿ ನಿಷೇಧ ಬಂತು. ಬೆಂಗಳೂರಿನ ಪಕ್ಕದ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದರು. ಅಲ್ಲಿನ ಬಂಡೆಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಮಾರಾದಲ್ಲೂ ಎಲ್ಲ ಸುರಕ್ಷಿತವೆನ್ನುವಂತಿಲ್ಲ. ದನ ಹಿಡಿದ ಸಿಂಹದ ಮೇಲಿನ ಸಿಟ್ಟಿಗೆ ದನಗಾಹಿಗಳು ಹೆಣಕ್ಕೆ ಕೀಟನಾಶಕ ಸುರಿಯುತ್ತಾರೆ, ಅದನ್ನು ತಿಂದ ರಣಹದ್ದುಗಳು ರಾಶಿರಾಶಿಯಾಗಿ ಸಾಯುತ್ತವೆ. ಇವರ ಗೈಡ್ ಸ್ವತಃ ಮಸಾಯಿ ಸಮುದಾಯದವನು. ದನ ಕಳೆದುಕೊಂಡ ಮನೆಯ ಸಂಕಟವನ್ನೂ, ಹಕ್ಕಿಗಳ ಸಾವನ್ನೂ ಅವನು ಒಂದೇ ಗಂಭೀರತೆಯಿಂದ ಹೇಳಿದ.

ಗಾಡಿಗಳ ಗುಂಪನ್ನು ಕಂಡರೆ ಅವನಿಗೂ ಬೇಸರ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ಇರಬಾರದು, 25 ಮೀಟರ್ ದೂರ ಕಾಯಬೇಕು ಎಂಬ ನಿಯಮ ಮಾರಾದಲ್ಲಿದೆ. ವಲಸೆಯ ತಿಂಗಳುಗಳಲ್ಲಿ ನದಿದಂಡೆಯಲ್ಲಿ ಅದು ಪಾಲನೆಯಾಗುವುದು ಅಪರೂಪ. ಚೀತಾ ಬೇಟೆಯಾಡುವುದು ಹಗಲಿನಲ್ಲಿ, ಕಣ್ಣು ನಂಬಿ. ಸುತ್ತ ಗಾಡಿಗಳು ಗೋಡೆ ಕಟ್ಟಿದರೆ ಅದು ಉಪವಾಸ ಬೀಳುತ್ತದೆ, ಮರಿಗಳೂ ಬೀಳುತ್ತವೆ. ಮುಂದಕ್ಕೆ ಹೋಗು ಎಂದು ಗೈಡ್‌ನನ್ನು ಒತ್ತಾಯಿಸುವವರು ಕ್ಯಾಮೆರಾ ಹಿಡಿದ ಪ್ರವಾಸಿಗಳೇ. ಅವರಲ್ಲಿ ನಮ್ಮ ಊರಿನವರೂ ಇರುತ್ತಾರೆ. ಮೀಸಲು ಪ್ರದೇಶದ ಅಂಚಿನಲ್ಲಿ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟು ರೂಪಿಸಿರುವ ಸಂರಕ್ಷಣಾ ವಲಯಗಳಿವೆ. ಅಲ್ಲಿ ಗಾಡಿಗಳ ಸಂಖ್ಯೆಗೆ ಮಿತಿ ಇದೆ, ಗುತ್ತಿಗೆಯ ಹಣ ನೇರ ಮನೆಗಳಿಗೆ ಹೋಗುತ್ತದೆ. ಕೊನೆಯ ದಿನಗಳಿಗೆ ಇವರು ಆರಿಸಿಕೊಂಡದ್ದು ಅಂಥದೊಂದು ವಲಯವನ್ನು.

ಕೋರಿ ಬಸ್ಟರ್ಡ್ ಕಂಡದ್ದು ಅಲ್ಲಿಯೇ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲಿ ಅದೂ ಒಂದು, ಗಂಡು 18 ಕಿಲೋ ತೂಗುವುದುಂಟು. ಮೊಣಕಾಲೆತ್ತರದ ಹುಲ್ಲಿನಲ್ಲಿ ಕುತ್ತಿಗೆ ನೆಟ್ಟಗಿಟ್ಟು, ಪ್ರತಿ ಹೆಜ್ಜೆಗೂ ನಿಂತು ನೋಡಿ, ಗಾಡಿಯನ್ನು ಲೆಕ್ಕಿಸದೆ ಹಾದುಹೋಯಿತು. ಹಿರಿಯರು ಕ್ಯಾಮೆರಾ ಎತ್ತಲಿಲ್ಲ. ಅದರ ಭಾರತದ ಬಂಧು ಎರೆಭೂತ ಒಂದು ಕಾಲಕ್ಕೆ ರಾಣೆಬೆನ್ನೂರಿನ ಬಯಲಿನಲ್ಲಿತ್ತು. ಹುಲ್ಲುಗಾವಲಿಗೆಲ್ಲ ನೀಲಗಿರಿ ನೆಟ್ಟ ಮೇಲೆ ಅಲ್ಲಿ ಇಲ್ಲವಾಯಿತು. ಈಗ ಕರ್ನಾಟಕದಲ್ಲಿ ಅದು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ, ಅದೂ ಬೆರಳೆಣಿಕೆಯಷ್ಟು. ಇಡೀ ದೇಶದಲ್ಲೇ ಸುಮಾರು 150 ಇರಬಹುದೆಂಬ ಅಂದಾಜಿದೆ.

“ಸಿರುಗುಪ್ಪದಲ್ಲಿ ನೀವು ನೋಡಿದೀರಾ ದೊಡ್ಡಪ್ಪ?”

“ಹೋಗಿದ್ದೆ. ದೂರದಲ್ಲಿ ಒಂದು ತಲೆ ಕಂಡ್ತು, ಜೋಳದ ತೆನೆ ನಡುವೆ. ಹತ್ತಿರ ಹೋಗಲಿಲ್ಲ.”

ಬಸ್ಟರ್ಡ್ ಗುಂಪಿನ ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಯಾಕೆ ಸಾಯುತ್ತವೆ ಎಂಬುದಕ್ಕೆ ಒಂದು ಸುಳಿವು ಸಿಕ್ಕಿದ್ದು ಕೋರಿಯಿಂದಲೇ. ಅದರ ಕಣ್ಣುಗಳು ತಲೆಯ ಎರಡು ಬದಿಗಿವೆ. ಹಾರುವಾಗ ನೆಲ ನೋಡಲೆಂದು ತಲೆಯನ್ನು ಸ್ವಲ್ಪ ಬಗ್ಗಿಸಿದರೂ ಎದುರಿನ ದಾರಿ ಅದಕ್ಕೆ ಕಾಣುವುದೇ ಇಲ್ಲವೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಎರೆಭೂತಕ್ಕೂ ತಂತಿಯೇ ದೊಡ್ಡ ಶತ್ರು. ರಾಜಸ್ಥಾನ, ಗುಜರಾತುಗಳ ಅದರ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತು. 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು.

ಮಗಳು ಗೈಡ್‌ನನ್ನು ಕೇಳಿದ ಕೊನೆಯ ಪ್ರಶ್ನೆಯೂ ತಂತಿಗಳ ಬಗ್ಗೆಯೇ ಆಗಿತ್ತು: ಈ ಕಡೆ ವಿದ್ಯುತ್ ಲೈನ್ ಎಲ್ಲಿ ಹಾದುಹೋಗುತ್ತದೆ, ಅದರ ಕೆಳಗೆ ಯಾರಾದರೂ ನಡೆದು ಸತ್ತ ಹಕ್ಕಿಗಳನ್ನು ಎಣಿಸುತ್ತಾರೆಯೇ? ಅವನು ರಸ್ತೆಯ ಕಡೆ ಕೈ ತೋರಿಸಿ, ತನ್ನೂರಿನ ಹುಡುಗರಿಬ್ಬರು ವಾರಕ್ಕೊಮ್ಮೆ ಆ ಕಂಬಗಳ ಸಾಲಿನಲ್ಲಿ ನಡೆಯುತ್ತಾರೆಂದೂ, ಸಿಕ್ಕ ಗರಿಗಳನ್ನು ತನಗೆ ತಂದು ತೋರಿಸುತ್ತಾರೆಂದೂ ಹೇಳಿದ. ಅವರು ಯಾವ ವಿವರಗಳನ್ನು ಬರೆದುಕೊಳ್ಳುತ್ತಾರೆಂದು ಅವಳು ಒಂದೊಂದಾಗಿ ಕೇಳಿ ತಿಳಿದುಕೊಂಡಳು: ಕಂಬದ ಸಂಖ್ಯೆ, ದಿನಾಂಕ, ಹಕ್ಕಿಯ ಜಾತಿ, ರೆಕ್ಕೆ ಮುರಿದಿತ್ತೋ ಸುಟ್ಟಿತ್ತೋ. ಸಿರುಗುಪ್ಪಕ್ಕೆ ಹೋಗುವಾಗ ಬೇಕಾಗುತ್ತದೆಂದು ಅದೇ ಪಟ್ಟಿಯನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡಳು.